ಅಂಚಿನ ಮಣಿ

ಹಾಫಿಯಾಳನ್ನು ಲಾರಿ ಹತ್ತಿಸಿಕೊಂಡು ಹೋದ ಗುರುವಾರದ ಬಗ್ಗೆ ನಮ್ಮೂರಲ್ಲಿ ಮೂರು ಕಥೆಗಳಿವೆ. ಮೂರೂ ಸುಳ್ಳು. ಅವಳು ಅಧಿಕಾರಿಯ ಮುಖಕ್ಕೆ ಉಗಿದಳಂತೆ, ಅದು ಒಂದು. ಹುಲ್ಲಿನ ಅಟ್ಟದಲ್ಲಿ ಕಾಡಿನವರ ಬಂದೂಕು ಬಚ್ಚಿಟ್ಟಿದ್ದಳಂತೆ, ಅದು ಇನ್ನೊಂದು. ಯಾರೋ ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದರಂತೆ, ಅದು ಮೂರನೆಯದು. ಹೇಳುವವರಲ್ಲಿ ಒಬ್ಬರೂ ಆ ದಿನ ಆ ಕೋಣೆಯಲ್ಲಿರಲಿಲ್ಲ. ನಾನಿದ್ದೆ. ಕಿಟಕಿ ಪಕ್ಕದ ಕೊನೆಯ ಜಾಗದಲ್ಲಿ ಕೂತಿದ್ದೆ.

ಹಾಫಿಯಾಗೆ ಆಗ ಐವತ್ತೆರಡೋ ಐವತ್ಮೂರೋ. ಗಂಡ ಚೆರೆಮೋಶ್ ಹೊಳೆಯಲ್ಲಿ ಮರದ ದಿಮ್ಮಿಗಳ ತೆಪ್ಪ ನಡೆಸುತ್ತಿದ್ದ. ಒಂದು ವಸಂತದಲ್ಲಿ ದಿಮ್ಮಿಗಳ ನಡುವೆ ಸಿಕ್ಕಿ ಸತ್ತ. ಮಕ್ಕಳಿರಲಿಲ್ಲ. ಎಡಗಣ್ಣಿಗೆ ಪೊರೆ ಬಂದಿತ್ತು. ಬಾಯಲ್ಲಿ ಸದಾ ಹಿತ್ತಾಳೆ ಮುಚ್ಚಳದ ತಂಬಾಕಿನ ಕೊಳವೆ. ಕೊಳವೆ ತೆಗೆದಳೆಂದರೆ ಬೈಗುಳ ಬರುತ್ತಿದೆ ಎಂದೇ ಅರ್ಥ, ನಾವೆಲ್ಲ ತಲೆ ತಗ್ಗಿಸುತ್ತಿದ್ದೆವು. ಪಾದ್ರಿಯವರ ಹೆಂಡತಿಗೇ ಒಮ್ಮೆ "ನಿಮ್ಮ ಹೊಲಿಗೆ ನೋಡಿದ್ರೆ ಕೋಳಿ ಕೆದರಿದಂಗಿದೆ" ಎಂದವಳು. ಅವಳನ್ನು ಯಾರೂ ಸಂತೆಗೆ ಜೊತೆಗೆ ಕರೆಯುತ್ತಿರಲಿಲ್ಲ. ಮದುವೆ ನಿಶ್ಚಯವಾದ ಮನೆಯವರು ಮಾತ್ರ ಮರುದಿನವೇ ಅವಳ ಬಾಗಿಲಿಗೆ ಹೋಗುತ್ತಿದ್ದರು, ಮದುಮಗನ ಟೋಪಿಯ ಮಣಿಪಟ್ಟಿ ಅವಳ ಕೈಯದೇ ಆಗಬೇಕಿತ್ತು.

ಯುದ್ಧ ಮುಗಿದು ಹೊಸ ಸರ್ಕಾರ ಬಂದಮೇಲೆ ಹಳೆಯ ವಾಚನಾಲಯದ ಕೋಣೆಯಲ್ಲಿ ಒಂದು ಸಹಕಾರ ಸಂಘ ತೆರೆದರು. ಹುಡುಗಿಯರು ಮಣಿ ನೇಯ್ಗೆ ಕಲಿಯಬೇಕು, ಮಾಡಿದ್ದು ಪಟ್ಟಣಗಳಿಗೆ ಹೋಗುತ್ತದೆ ಎಂದರು. ಕಲಿಸಲು ಹಾಫಿಯಾ. ನಾವು ಹನ್ನೊಂದು ಮಂದಿ. ಬೆಚ್ಚಗೆ ಒಲೆ ಉರಿಯುತ್ತದೆ ಎಂಬ ಆಸೆಗೆ ನಾನು ಸೇರಿದ್ದು, ಕಲೆಯ ಮೇಲಿನ ಪ್ರೀತಿ ಗೀತಿ ಏನೂ ಇರಲಿಲ್ಲ.

ಮಗ್ಗವೆಂದರೆ ದೊಡ್ಡದೇನಲ್ಲ. ಮೊಳದುದ್ದದ ಹಲಗೆ, ಎರಡು ತುದಿಗೂ ಹಲ್ಲು ಕೊರೆದ ಮರದ ಪಟ್ಟಿ, ಹಲ್ಲುಗಳ ನಡುವೆ ಬಿಗಿದು ಕಟ್ಟಿದ ಜೇನುಮೇಣ ತಿಕ್ಕಿದ ನಾರಿನ ದಾರಗಳು, ಅಷ್ಟೆ. ತೊಡೆಯ ಮೇಲಿಟ್ಟುಕೊಂಡು ನೇಯಬಹುದು. ಮೊದಲ ದಿನವೇ ಯೆವ್ಕಾ ಎಂಬ ಹುಡುಗಿ ಎಂಟು ಮಣಿ ಅಗಲದ ಕೈಪಟ್ಟಿಗೆ ಎಂಟೇ ದಾರ ಕಟ್ಟಿದಳು. ಹಾಫಿಯಾ ಬಾಯಿಂದ ಕೊಳವೆ ತೆಗೆದಳು.

"ಎಂಟು ಮಣಿಗೆ ಒಂಬತ್ತು ದಾರ ಕಣೇ. ಮಣಿ ಕೂರೋದು ದಾರದ ಮೇಲಲ್ಲ, ಎರಡು ದಾರದ ಮಧ್ಯ. ಎಂಟೇ ಕಟ್ಟಿದ್ರೆ ಕೊನೇ ಮಣಿ ಎಲ್ಲಿ ಮಲಗ್ಬೇಕು, ನಿನ್ನ ತಲೆ ಮೇಲಾ?"

"ನನ್ನ ತಲೆ ಮೇಲೆ ಜಾಗ ಇಲ್ಲ ಚಿಕ್ಕಮ್ಮ, ಅಲ್ಲಿ ಆಗ್ಲೇ ಹೇನಿದಾವೆ" ಎಂದಳು ಯೆವ್ಕಾ. ಎಲ್ಲರೂ ನಕ್ಕೆವು. ಹಾಫಿಯಾ ಬಾಚಣಿಗೆಯಿಂದ ಅವಳ ಬೆರಳ ಗೆಣ್ಣಿಗೆ ಬಾರಿಸಿ ತಾನೂ ನಕ್ಕಳು.

ಆಮೇಲೆ ಕಲಿಸಿದಳು. ಸೂಜಿಗೆ ಎಂಟು ಮಣಿ ಪೋಣಿಸು. ಹಾಸಿನ ದಾರಗಳ ಕೆಳಗಿನಿಂದ ತಾ. ಎಡಗೈ ತೋರುಬೆರಳಿನಿಂದ ಮಣಿಗಳನ್ನು ಮೇಲಕ್ಕೆ ಒತ್ತು, ಒಂದೊಂದೂ ತನ್ನ ಸಂದಿನಲ್ಲಿ ಕೂರಲಿ. ಈಗ ಸೂಜಿಯನ್ನು ಮಣಿಗಳೊಳಗೇ ವಾಪಸ್ ತಾ, ಆದರೆ ಈ ಸಲ ದಾರಗಳ ಮೇಲಿಂದ. ಕೆಳಗೆ ಒಂದು, ಮೇಲೆ ಒಂದು, ನಡುವೆ ಹಾಸು ಸಿಕ್ಕಿಕೊಂಡಿತು. ಇಷ್ಟೇ ವಿದ್ಯೆ. ವಾಪಸ್ ಬರುವಾಗ ಸೂಜಿ ಒಂದೇ ಒಂದು ದಾರದ ಕೆಳಗೆ ಜಾರಿದರೂ ಅಲ್ಲಿನ ಮಣಿಗೆ ಹಿಡಿತ ತಪ್ಪುತ್ತದೆ, ಅದು ಜೋತುಬೀಳುತ್ತದೆ.

ನನ್ನ ಸೂಜಿ ಜಾರುತ್ತಿತ್ತು. ನಡುವೆ ಅಲ್ಲ, ಬಲಗಡೆ ಅಂಚಿನ ದಾರದಲ್ಲೇ, ಅದೂ ಮೂರು ಸಾಲು ಸರಿಯಾಗಿ ಬಂದು ನಾಲ್ಕನೆಯದರಲ್ಲಿ. ಚಿಕ್ಕವಳಿದ್ದಾಗ ಎಡಗೈ ತೋರುಬೆರಳು ಬಾಗಿಲಿಗೆ ಸಿಕ್ಕಿತ್ತು, ನಾಲ್ಕನೆಯ ಸಾಲಿಗೆ ಅದು ಸೋಲುತ್ತಿತ್ತು. ಹಾಗಾಗಿ ನನ್ನ ಮೊದಲ ಕೈಪಟ್ಟಿಯ ಉದ್ದಕ್ಕೂ ಒಂದು ಅಂಚಿನಲ್ಲಿ ಲೆಕ್ಕವಿಟ್ಟಂತೆ ಮಣಿಗಳು ಜೋತಿದ್ದವು.

ನಮ್ಮಲ್ಲಿ ಮೊದಲ ಕೈಪಟ್ಟಿಯ ತಪ್ಪನ್ನು ಬಿಚ್ಚುವುದಿಲ್ಲ. ಅದನ್ನು ಮಾರುವುದೂ ಇಲ್ಲ, ಇಟ್ಟುಕೊಳ್ಳುವುದೂ ಇಲ್ಲ. ಮನೆಯಿಂದ ದೂರ ಹೋಗುವವರ ಕೈಗೆ ಕಟ್ಟಬೇಕು, ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಕುರಿ ಹೊಡೆದುಕೊಂಡು ಹೋಗುವವರಿಗೆ, ಹೊಳೆಗೆ ತೆಪ್ಪ ಇಳಿಸುವವರಿಗೆ. ಬಿಚ್ಚಿ ಸರಿಮಾಡಿದರೆ ಹೋದವರು ತಿರುಗಿ ಬರುವ ದಾರಿಯನ್ನೂ ಬಿಚ್ಚಿದ ಹಾಗೆ ಎಂದು ಅಜ್ಜಿಯರು ಹೆದರಿಸುತ್ತಿದ್ದರು. ನಾನು ನನ್ನದನ್ನು ಅಣ್ಣ ಲುಕ್ಯಾನನ ಕೈಗೆ ಕಟ್ಟಿದೆ. ಅವನು ದೂರದ ಮರದ ಕೋಠಿಗೆ ಕೆಲಸಕ್ಕೆ ಹೋದ ಎಂದು ಅಮ್ಮ ಊರಿಗೆಲ್ಲ ಹೇಳಿದಳು. ಅವನು ಹೋಗಿದ್ದು ಕಾಡಿನವರ ಜೊತೆಗೆ, ಹೊಸ ಸರ್ಕಾರದ ವಿರುದ್ಧ ಬಂದೂಕು ಹಿಡಿದವರ ಜೊತೆಗೆ. ಮನೆಯಲ್ಲಿ ಅಜ್ಜ, ಅಮ್ಮ, ನಾನು, ಇಬ್ಬರು ಚಿಕ್ಕ ತಂಗಿಯರು ಉಳಿದೆವು.

ಆ ಶರತ್ಕಾಲದಲ್ಲಿ ಊರಲ್ಲಿ ನಾಯಿ ಬೊಗಳುತ್ತಿರಲಿಲ್ಲ. ಬೊಗಳಿದರೆ ತಮ್ಮ ಸುಳಿವು ಸಿಗುತ್ತದೆ ಎಂದು ಕಾಡಿನವರು ಕೆಲವನ್ನು ಕೊಂದಿದ್ದರು, ಮಿಕ್ಕವನ್ನು ಸೈನಿಕರು ಕೊಂದರು. ಮೇಲಿನ ಓಣಿಯಲ್ಲಿ ಎರಡು ಮನೆ ಖಾಲಿಯಾಗಿದ್ದವು. ಒಂದರ ಒಲೆಯ ಮೇಲೆ ಜೋಳದ ಮುದ್ದೆಯ ಪಾತ್ರೆ ಹಾಗೇ ಇತ್ತು. ಅದನ್ನು ಇಳಿಸಲೂ ಯಾರೂ ಒಳಗೆ ಹೋಗಲಿಲ್ಲ. ಕಾಡಿಗೆ ಹೋದವನ ಮನೆ ಯಾವುದೆಂದು ಗೊತ್ತಾದರೆ ಆ ಮನೆಯವರನ್ನೆಲ್ಲ, ತೊಟ್ಟಿಲ ಮಗುವಿನ ಸಮೇತ, ಲಾರಿಗೆ ತುಂಬಿ ಹಿಮದ ದೇಶಕ್ಕೆ ಕಳಿಸುತ್ತಿದ್ದರು.

ಅಧಿಕಾರಿ ನಮ್ಮ ಕೋಣೆಗೆ ಬಂದದ್ದು ಶನಿವಾರ. ಹೊಸಬ, ತೆಳ್ಳಗೆ, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಬಾಗಿಲಲ್ಲಿ ಬೂಟು ಒರೆಸಿಕೊಂಡು ಬಂದ. ನಮಗೆ ಭಯವಾದದ್ದು ಅದಕ್ಕೇ, ಬೂಟು ಒರೆಸಿಕೊಳ್ಳುವ ಅಧಿಕಾರಿಯನ್ನು ನಾವು ನೋಡಿರಲಿಲ್ಲ.

"ಕೂತ್ಕೊಳಿ, ಕೂತ್ಕೊಳಿ" ಎಂದು ಜೇಬಿನಿಂದ ಒಂದು ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ನನ್ನ ಕೈಪಟ್ಟಿ ಇತ್ತು. ಕಟ್ಟಿದ ಗಂಟು ಹಾಗೇ ಇತ್ತು, ಪಕ್ಕದಲ್ಲಿ ಕತ್ತರಿಸಿದ್ದರು. ಹಸಿರು ಮಣಿಗಳ ಸಂದಿನಲ್ಲಿ ಏನೋ ಕಪ್ಪಗೆ ಒಣಗಿತ್ತು.

ಅಣ್ಣ ಸತ್ತಿದ್ದಾನೆ ಎಂದು ನನಗೆ ಗೊತ್ತಾದದ್ದು ಹೀಗೆ. ಹತ್ತು ಜನ ಹುಡುಗಿಯರ ಪಕ್ಕದಲ್ಲಿ, ಸೂಜಿ ಕೈಯಲ್ಲಿ ಹಿಡಿದುಕೊಂಡು. ಅಳುವ ಹಾಗಿರಲಿಲ್ಲ. ಬೆರಳಿಗೆ ಸೂಜಿ ಚುಚ್ಚಿಕೊಂಡು, ನೋವಿಗೆ ಕಣ್ಣಲ್ಲಿ ನೀರು ಬಂದಂತೆ ಬೆರಳು ಚೀಪಿದೆ.

"ಮುಖ ನೋಡಿ ಗುರುತು ಹಿಡಿಯೋ ಸ್ಥಿತೀಲಿ ಅವನಿಲ್ಲ" ಎಂದ ಅಧಿಕಾರಿ. "ಬಣ್ಣ ನಿಮ್ಮೂರಿಂದೇ ಅಂತ ಪೇಟೇಲಿ ಹೇಳಿದ್ರು. ನೇಯ್ದಿರೋದು ಹೊಸಬಳು. ಯಾರದಮ್ಮ ಇದು?"

ಹಾಫಿಯಾ ಪಟ್ಟಿಯನ್ನು ಎತ್ತಿ ಒಳ್ಳೆಯ ಕಣ್ಣಿನ ಹತ್ತಿರ ಹಿಡಿದಳು. ಆ ಜೋತ ಮಣಿಗಳಿಗಾಗಿ ನನ್ನ ಗೆಣ್ಣಿಗೆ ಎಷ್ಟು ಸಲ ಬಾರಿಸಿದ್ದಳೋ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರದ್ದಾದ್ರೂ ಆಗ್ಬೋದು ಸ್ವಾಮಿ. ಇಲ್ಲಿರೋ ಹನ್ನೊಂದೂ ಸೂಜಿ ಹಿಡಿದ್ರೆ ಸಲಿಕೆ ಹಿಡಿದಂಗೆ ಹಿಡೀತವೆ."

ಅವನು ನಕ್ಕ. "ನಮ್ಮಮ್ಮ ಲೇಸು ಹೆಣೀತಿದ್ರು. ರಾಶಿ ಲೇಸಿನಲ್ಲಿ ಇದು ಇಂಥವಳದ್ದು, ಇದು ಅಂಥವಳದ್ದು ಅಂತ ತೆಗೆದಿಡೋರು. ಮಾತಲ್ಲಿ ಸುಳ್ಳು ಹೇಳ್ಬೋದು, ಕೈಗೆ ಬರಲ್ಲ. ಎಲ್ರೂ ನನ್ನೆದುರಿಗೆ ಇಪ್ಪತ್ತು ಸಾಲು ನೇಯ್ಲಿ, ಸಾಕು."

"ನೇಯ್ತಾರೆ. ಆದ್ರೆ ಮಣಿ ಎಲ್ಲಿ? ಹದಿನೈದು ದಿನದಿಂದ ಒಂದು ಕಾಳು ಮಣಿ ಬಂದಿಲ್ಲ, ಇವು ಹಳೇ ಪಟ್ಟಿಗೆ ಬಟ್ಟೆ ಹೊಲ್ಕೊಂಡು ಕೂತಿವೆ" ಎಂದಳು ಹಾಫಿಯಾ. ಕಪಾಟಿನ ಬಾಗಿಲು ತೆರೆದು ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಬೋರಲು ಹಾಕಿ ತೋರಿಸಿದಳು.

"ಸರಿ. ಗುರುವಾರ ನಾನೇ ತರ್ತೀನಿ. ಅಲ್ಲೀತನಕ ಯಾರೂ ಊರು ಬಿಟ್ಟು ಹೋಗ್ಬಾರ್ದು."

ಅವನು ಹೋದಮೇಲೆ ಹಾಫಿಯಾ ಬಾಗಿಲ ಅಗುಳಿ ಹಾಕಿದಳು. ಹನ್ನೊಂದು ಮನೆಗಳಲ್ಲಿ ಐದಾರು ಮನೆಯ ಗಂಡಸರು "ಮರದ ಕೋಠಿಗೆ" ಹೋದವರೇ. ಒಬ್ಬೊಬ್ಬಳೂ ಪಟ್ಟಿಯ ನೆನಪಿನಲ್ಲಿ ತನ್ನದನ್ನೇ ಹುಡುಕುತ್ತಿದ್ದಳು.

"ಕೇಳಿ" ಎಂದಳು ಹಾಫಿಯಾ. "ಅದು ಯಾರದ್ದು ಅಂತ ಯಾರೂ ಯಾರನ್ನೂ ಕೇಳ್ಬಾರ್ದು. ಕೇಳಿದವಳ ನಾಲಿಗೇನ ನಾನೇ ಕಿತ್ತು ಮಗ್ಗಕ್ಕೆ ಕಟ್ತೀನಿ. ನಾಳೆ ಪೂಜೆ ಮುಗಿಸ್ಕೊಂಡು ಎಲ್ರೂ ನಮ್ಮನೆಗೆ ಬನ್ನಿ."

ಮರುದಿನ ಹೋದಾಗ ಅವಳ ಮೇಜಿನ ಮೇಲೆ ಅಗಲವಾದ ಕೊರಳಪಟ್ಟಿಯೊಂದಿತ್ತು. ಅವಳಮ್ಮ ಅವಳ ಮದುವೆಗೆಂದು ಎರಡು ಚಳಿಗಾಲ ಕೂತು ನೇಯ್ದದ್ದು, ಈಗ ಸಿಗದ ಹಳೆಯ ಕಾಲದ ಮಣಿಗಳು. ಹಾಫಿಯಾ ಕತ್ತರಿ ತೆಗೆದುಕೊಂಡು ಅದನ್ನು ನಡುವೆಯೇ ಕತ್ತರಿಸಿದಳು. ಮಣಿಗಳು ಬಟ್ಟಲಿಗೆ ಉದುರಿದವು. ನಮ್ಮಲ್ಲಿ ಯಾರೋ ಅಯ್ಯೋ ಎಂದರು.

"ಅಯ್ಯೋ ಅನ್ನೋರು ಆಚೆ ಹೋಗಿ. ಸೂಜಿ ತಗೊಳ್ಳಿ. ಇವತ್ತಿಂದ ತಪ್ಪು ನೇಯೋದು ಕಲೀಬೇಕು."

ಭಾನುವಾರದಿಂದ ಬುಧವಾರದವರೆಗೆ ಅವಳು ಹತ್ತು ಜನಕ್ಕೆ ನನ್ನ ತಪ್ಪನ್ನು ಕಲಿಸಿದಳು. ಮೂರು ಸಾಲು ಸರಿ, ನಾಲ್ಕನೆಯದರಲ್ಲಿ ಬಲಗಡೆ ಕೊನೆಯ ದಾರದ ಕೆಳಗೆ ಸೂಜಿ. ಸರಿಯಾಗಿ ನೇಯುವುದನ್ನು ಕಲಿಯುವುದಕ್ಕಿಂತ ಅದು ಕಷ್ಟವಾಯಿತು, ಬೇಕೆಂದೇ ಬಿಟ್ಟ ಮಣಿ ಬೇಕೆಂದೇ ಬಿಟ್ಟಂತೆ ಕಾಣುತ್ತಿತ್ತು. "ನಾಟಕ ಆಡ್ಬೇಡ್ರೇ" ಎಂದು ಬೈಯುತ್ತಿದ್ದಳು. "ಎಡಗೈ ತೋರುಬೆರಳಿಗೆ ಬಟ್ಟೆ ಬಿಗೀರಿ. ಅದಕ್ಕೆ ಸುಸ್ತಾಗ್ಲಿ. ಸುಸ್ತಾದ ಬೆರಳು ತಾನೇ ತಪ್ಪು ಮಾಡತ್ತೆ."

"ಜೀವಮಾನ ಎಲ್ಲಾ ಸರಿಯಾಗಿ ಮಾಡು ಅಂತ ಹೊಡೆದ್ರಿ, ಈಗ ತಪ್ಪು ಮಾಡು ಅಂತ ಹೊಡೀತೀರಿ" ಎಂದಳು ಯೆವ್ಕಾ. "ಒಂದು ದಿನ ಸುಮ್ನೆ ಹೊಡೀರಿ ಚಿಕ್ಕಮ್ಮ, ಕಾರಣ ಬೇಡ."

ಯಾರೂ ಹೆಚ್ಚು ನಗಲಿಲ್ಲ. ಕಿಟಕಿಯಾಚೆ ಬೆಟ್ಟದ ತಲೆಗೆ ಹಿಮ ಬಿದ್ದಿತ್ತು. ಕೆಳಗಿನ ರಸ್ತೆಯಲ್ಲಿ ಒಂದು ಖಾಲಿ ಲಾರಿ ಮಂಗಳವಾರ ಬಂದು ನಿಂತದ್ದು ಅಲ್ಲೇ ಇತ್ತು, ಗುರುವಾರಕ್ಕೆಂದು ಮೊದಲೇ ತಂದಿಟ್ಟದ್ದು.

ಬುಧವಾರ ಎಲ್ಲರೂ ಹೊರಟಮೇಲೆ ಹಾಫಿಯಾ ನನ್ನ ತೋಳು ಹಿಡಿದು ನಿಲ್ಲಿಸಿದಳು. "ನಾಳೆ ನೀನು ಹೊಸದಾಗಿ ಏನೂ ಮಾಡ್ಬೇಡ ತೆಕ್ಲಾ. ನಿನ್ನ ಕೈ ಹೆಂಗೆ ಹೋಗತ್ತೋ ಹಂಗೇ ಬಿಡು. ಹನ್ನೊಂದು ಒಂದೇ ಥರ ಇದ್ರೆ ಅದು ಊರಿನ ರೀತಿ ಆಗತ್ತೆ, ಯಾರೊಬ್ಬರ ಕೈಯೂ ಅಲ್ಲ. ತಿಳೀತಾ?"

"ಹೂಂ."

"ಅಮ್ಮಂಗೆ ಹೇಳಿದೀಯಾ?"

"ಇಲ್ಲ."

"ನಾಳೆ ಸಂಜೆ ಹೇಳು. ಇವತ್ತು ಹೇಳಿದ್ರೆ ಅಳ್ತಾಳೆ. ಊರಿಗೆ ಕೇಳತ್ತೆ."

ಮನೆಗೆ ಹೋದೆ. ಅಮ್ಮ ಲುಕ್ಯಾನನ ಉಣ್ಣೆಯ ಕಾಲುಚೀಲಕ್ಕೆ ಹಿಮ್ಮಡಿ ಹೊಲಿಯುತ್ತಿದ್ದಳು. ಚಿಕ್ಕ ತಂಗಿ ಅವಳ ತೊಡೆಗೆ ಒರಗಿ ಮಲಗಿತ್ತು. ಅದನ್ನು ನೋಡುತ್ತ ನನ್ನ ತಲೆಯೊಳಗೆ ಒಂದು ಯೋಚನೆ ಹೊಕ್ಕಿತು. ಮಿಕ್ಕವರ ತಪ್ಪು ಕಲಿತ ತಪ್ಪು, ನನ್ನದು ಬೆರಳಿನಿಂದಲೇ ಬಂದದ್ದು. ಲೇಸು ಹೆಣೆದವಳ ಮಗನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಹನ್ನೊಂದನ್ನೂ ಸಾಲಾಗಿ ಇಟ್ಟರೆ ಅವನ ಬೆರಳು ನೇರ ನನ್ನದರ ಮೇಲೆ ಬೀಳುತ್ತದೆ. ನಾನು ಒಂದೂ ಮಣಿ ಜೋಲದ ಹಾಗೆ ನೇಯ್ದರೆ ಅವನು ನನ್ನನ್ನು ಬಿಟ್ಟು ಮುಂದೆ ಹೋಗುತ್ತಾನೆ. ಆ ಹತ್ತು ಜನ? ಅವರ ಬಗ್ಗೆ ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ, ಆಮೇಲೆ ತಂಗಿಯ ಕಡೆ ನೋಡಿದೆ.

ಗುರುವಾರ ಅವನು ಮಣಿಯ ಪೊಟ್ಟಣಗಳನ್ನು ತಂದ. ಬಾಗಿಲಲ್ಲಿ ಇಬ್ಬರು ಸೈನಿಕರು ನಿಂತರು. ಹಾಫಿಯಾಳನ್ನು ಒಲೆಯ ಪಕ್ಕ, ನಮಗೆ ಬೆನ್ನು ಮಾಡಿ ಕೂರಿಸಿದ. "ಸನ್ನೆ ಗಿನ್ನೆ ಬೇಡ ಅಂತ ಅಷ್ಟೆ, ತಪ್ಪು ತಿಳ್ಕೋಬೇಡಿ" ಎಂದ. ನಾವು ನೇಯಲು ತೊಡಗಿದೆವು. ಅವನು ಕರವಸ್ತ್ರ ಹಾಸಿಕೊಂಡು ಬೇಯಿಸಿದ ಮೊಟ್ಟೆಯೊಂದನ್ನು ಸುಲಿಯತೊಡಗಿದ. ಇಷ್ಟಿಷ್ಟೇ ಚಿಪ್ಪು ತೆಗೆದು ಸಾಲಾಗಿ ಇಡುತ್ತಿದ್ದ, ಒಳಗಿನ ಪೊರೆಗೆ ಏಟಾಗದ ಹಾಗೆ.

ಆ ಇಪ್ಪತ್ತು ಸಾಲಿನಷ್ಟು ಎಚ್ಚರವಾಗಿ ನಾನು ಜೀವನದಲ್ಲಿ ಏನನ್ನೂ ಮಾಡಿಲ್ಲ. ನಾಲ್ಕನೆಯ ಸಾಲು ಬಂದಾಗಲೆಲ್ಲ ಉಸಿರು ಹಿಡಿದು, ಸೋಲುವ ತೋರುಬೆರಳಿಗೆ ಹೆಬ್ಬೆರಳು ಆನಿಸಿ, ಸೂಜಿಯನ್ನು ಕೊನೆಯ ದಾರದ ಮೇಲಿಂದಲೇ ತಂದೆ. ಪಕ್ಕದಲ್ಲಿ ಯೆವ್ಕಾ ನನ್ನ ಮಗ್ಗದ ಕಡೆ ಒಮ್ಮೆ ನೋಡಿದಳು. ಮೊಣಕೈಯಿಂದ ತಿವಿದಳು, ನಾನು ಸರಿದು ಕೂತೆ.

ಎಲ್ಲರದೂ ಮುಗಿಯಿತು. ಅವನು ಆ ತುದಿಯಿಂದ ಶುರುಮಾಡಿದ. ಒಂದೊಂದೇ ಮಗ್ಗ ಎತ್ತಿ, ಸತ್ತವನ ಪಟ್ಟಿಯ ಪಕ್ಕ ಹಿಡಿದು, ಕೆಳಗಿಡುತ್ತ ಬಂದ. ಐದು ನೋಡಿದಮೇಲೆ ಹುಬ್ಬು ಗಂಟಾಯಿತು. ಎಂಟಾದಮೇಲೆ ಹಾಫಿಯಾಳ ಬೆನ್ನಿಗೆ ಕೇಳಿದ:

"ಎಲ್ಲರದ್ದೂ ಅಂಚಲ್ಲಿ ಮಣಿ ಜೋತಿದೆಯಲ್ಲಮ್ಮ?"

"ನಮ್ಮೂರಲ್ಲಿ ಹಂಗೇ ಸ್ವಾಮಿ. ಒಂದಂಚು ಸಡಿಲ ಬಿಡ್ತೀವಿ, ಕೈಗೆ ಒತ್ತಬಾರ್ದು ಅಂತ. ನಮ್ಮಜ್ಜಿ ಕಾಲದಿಂದ ಇದೆ" ಎಂದಳು ಹಾಫಿಯಾ, ತಿರುಗದೆ. ಕೊಳವೆಯಿಂದ ನಿಧಾನವಾಗಿ ಹೊಗೆ ಏಳುತ್ತಿತ್ತು.

"ಓಹೋ." ಅವನು ಮೂಗು ಒರೆಸಿಕೊಂಡ. ಒಂಬತ್ತು ನೋಡಿದ. ಯೆವ್ಕಾಳದು ಹತ್ತನೆಯದು. ಗುರುತು ಹಾಕಿಕೊಳ್ಳುತ್ತಿದ್ದ ಪುಸ್ತಕ ಮುಚ್ಚಿ ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿದ. ನಾನು ಕಣ್ಣಾರೆ ನೋಡಿದ್ದೇನೆ, ಅವನು ಪೆನ್ಸಿಲು ಜೇಬಿಗೆ ಹಾಕಿದ್ದ. ನಂಬಿದ್ದ. ಸುಮ್ಮನೆ ಒಂದು ಶಾಸ್ತ್ರಕ್ಕೆಂದು ನನ್ನ ಮಗ್ಗ ಎತ್ತಿದ.

ಎತ್ತಿದವನು ಕೆಳಗಿಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಈ ಅಂಚು ಆ ಅಂಚು ನೋಡಿದ. ಪೆನ್ಸಿಲು ಜೇಬಿನಿಂದ ಹೊರಗೆ ಬಂತು.

"ಇದರಲ್ಲಿ ಒಂದು ಮಣೀನೂ ಜೋತಿಲ್ಲ. ನಿನಗೆ ಯಾರಮ್ಮ ಕಲಿಸಿದ್ದು?"

ನನ್ನ ಬಾಯಿಂದ ನಿಜವೇ ಬಂತು. "ಹಾಫಿಯಾ ಚಿಕ್ಕಮ್ಮ."

"ಅಂದ್ರೆ ಸರಿಯಾಗಿ ಕಲಿಸೋದೂ ಅವರಿಗೆ ಗೊತ್ತು." ಅವನು ನನ್ನ ಭುಜ ತಟ್ಟಿದ. "ಜಾಣೆ. ನೀನೊಬ್ಬಳು ಮನೆಗೆ ಹೋಗ್ಬೋದು."

ನಾನು ಹೋಗಲಿಲ್ಲ. ಹಾಫಿಯಾ ಆಗ ತಿರುಗಿದಳು. ಅವನ ಕೈಯಲ್ಲಿದ್ದ ಮಗ್ಗ ನೋಡಿದಳು, ಅದು ಯಾರದೆಂದು ನೋಡಿದಳು. ಅವಳ ಮುಖದಲ್ಲಿ ಕೋಪ ಬರಲಿ ಎಂದು ನಾನು ಕಾದೆ. ಬರಲಿಲ್ಲ.

"ಇದು ಊರಿನ ರೀತಿ ಅಲ್ಲ" ಎಂದ ಅಧಿಕಾರಿ, ಇನ್ನೂ ಮೆತ್ತಗೆ. "ಶನಿವಾರದಿಂದ ಈ ಹತ್ತು ಜನಕ್ಕೆ ನೀವು ಇದನ್ನ ಬಾಯಿಪಾಠ ಮಾಡ್ಸಿದೀರಿ. ಯಾಕೆ ಅಂದ್ರೆ ಅದು ಯಾರದ್ದು ಅಂತ ನಿಮಗೆ ಗೊತ್ತು. ಹೆಸರು ಹೇಳಿ, ಒಂದು ಮನೆ ಹೋಗತ್ತೆ. ಇಲ್ಲಾಂದ್ರೆ ಹತ್ತೂ ಮನೆ."

ಹತ್ತು ಜನರಲ್ಲಿ ಯಾರೋ ಬಿಕ್ಕಿದರು. ನನ್ನ ಮನೆ ಆ ಹತ್ತರಲ್ಲಿ ಇರಲಿಲ್ಲ.

"ನಂದೇ" ಎಂದಳು ಹಾಫಿಯಾ.

"ನಿಮ್ಮ ಕೈ ಹೀಗೆ ನೇಯತ್ತಾ?"

"ಈ ಕಣ್ಣು ನೋಡಿ. ಎಡಗಡೆ ಪೂರ್ತಿ ಕತ್ತಲೆ. ಬೆಟ್ಟಕ್ಕೆ ಹೋಗೋ ಒಬ್ಬನಿಗೆ ಆತುರದಲ್ಲಿ ನೇಯ್ದುಕೊಟ್ಟೆ. ಹೆಸರು ಕೇಳಿರ್ಲಿಲ್ಲ. ಈಗ ಮುದುಕಿ ತಪ್ಪು ಬಯಲಾಗ್ಬಾರ್ದು ಅಂತ ಇವಕ್ಕೂ ಹಂಗೇ ಕಲಿಸಿದೆ. ನಾಚಿಕೆ ಸ್ವಾಮಿ, ಇನ್ನೇನು."

ಅವನು ನಂಬಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಆದರೆ ಅವನಿಗೂ ಸಂಜೆಯೊಳಗೆ ಕಾಗದದ ಮೇಲೆ ಒಂದು ಹೆಸರು ಬೇಕಿತ್ತು, ಕೆಳಗೆ ಲಾರಿ ಖಾಲಿ ನಿಂತಿತ್ತು. ಬಹಳ ಹೊತ್ತು ಮೂಗು ಒರೆಸಿಕೊಂಡು ಕೊನೆಗೆ ಬರೆದುಕೊಂಡ.

"ನಂದು" ಎನ್ನಲು ನನಗೆ ಎಷ್ಟು ಹೊತ್ತು ಇತ್ತು ಎಂದು ನಾನು ಆಮೇಲೆ ಸಾವಿರ ಸಲ ಅಳೆದಿದ್ದೇನೆ. ಅವನು ಬರೆದ ಹೊತ್ತು, ಸೈನಿಕ ಅವಳ ಕುರಿತೊಗಲಿನ ಅಂಗಿಯನ್ನು ಗೂಟದಿಂದ ತೆಗೆದುಕೊಟ್ಟ ಹೊತ್ತು, ಅವಳು ಗುಂಡಿ ಹಾಕಿಕೊಂಡ ಹೊತ್ತು. ಸಾಕಷ್ಟು ಇತ್ತು. ನಾನು ಬಾಯಿ ಬಿಡಲಿಲ್ಲ.

ಹೊರಗೆ ಹೋಗುವಾಗ ನನ್ನ ಮುಂದೆ ನಿಂತಳು. ಮಗ್ಗ ಎತ್ತಿಕೊಂಡು ಬಲಗಡೆ ಅಂಚಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದಳು.

"ಅಂಚು ಚೆನ್ನಾಗಿ ಕೂತಿದೆ ತೆಕ್ಲಾ" ಎಂದಳು. "ಮನೆಗೆ ಹೋಗು. ಅಮ್ಮನ ಹತ್ರ ಇರು."

ಒಂದು ಏಟು ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎರಡನೆಯ ಚಳಿಗಾಲದಲ್ಲಿ ಅವಳು ಆ ಹಿಮದ ದೇಶದಲ್ಲೇ ತೀರಿಕೊಂಡಳೆಂದು, ಬಹಳ ವರ್ಷದ ಮೇಲೆ, ಹಿಂದಿರುಗಿದವರೊಬ್ಬರು ಹೇಳಿದರು. ಯೆವ್ಕಾ ಸಾಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಆ ಸಂಜೆ ಅಮ್ಮನಿಗೆ ಲುಕ್ಯಾನನ ವಿಷಯ ಹೇಳಿದೆ. ಅಮ್ಮ ಕಾಲುಚೀಲವನ್ನು ಬಾಯಿಗೆ ಒತ್ತಿಕೊಂಡಳು, ಆಮೇಲೆ ಅದೂ ಸಾಲದೆ ಅಂಗಳಕ್ಕೆ ಓಡಿ ನೆಲಕ್ಕೆ ಬಿದ್ದು ಕೂಗಿ ಅತ್ತಳು. ನಾನು ಹೆದರಿ ಅವಳ ಬಾಯಿ ಮುಚ್ಚಲು ಹೋದೆ. ಆದರೆ ಬೇಲಿಯಾಚೆ ಅಕ್ಕಪಕ್ಕದ ಹೆಂಗಸರೂ ಬಂದು ನಿಂತು ಅಳುತ್ತಿದ್ದರು. "ಅಳಲಿ ಬಿಡೇ ಮಗಳೇ" ಎಂದರು ನನಗೆ, "ಹಾಫಿಯಾ ಅಂದ್ರೆ ನಿಮ್ಮಮ್ಮಂಗೆ ಅಷ್ಟು ಪ್ರಾಣ ಅಂತ ನಮಗೆ ಗೊತ್ತೇ ಇರ್ಲಿಲ್ಲ." ಅಮ್ಮ ಕತ್ತಲಾಗುವವರೆಗೂ ಅತ್ತಳು, ಎಲ್ಲರೆದುರು, ಗಟ್ಟಿಯಾಗಿ, ತನ್ನ ಮಗನಿಗಾಗಿ. ನಾನೂ ಪಕ್ಕದಲ್ಲಿ ಕೂತು ಅತ್ತೆ. ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ.